ತೆಗೆದು ನೋಡಿದೆ ಎಂದಿದ್ದರು ಕಾಕಾ

ಹೋದ ವಾರ ಪೀಣ್ಯದ ಸಿಗ್ನಲ್ಲಿನಲ್ಲಿ ನನ್ನ ಮುಂದೆ ನಿಂತಿದ್ದ ಕಾರಿನಿಂದ ಹಸಿ ಪೆಟ್ರೋಲಿನ ವಾಸನೆ ಬಂತು. ಎಂಜಿನ್ನಿನೊಳಗೆ ಉರಿಯದೆ ಹಾಗೇ ಸೈಲೆನ್ಸರಿಗೆ ಬಂದುಬಿಟ್ಟ ಪೆಟ್ರೋಲಿನ ವಾಸನೆ ಅದು, ಕಣ್ಣಿಗೂ ಚುರುಕೆನ್ನುತ್ತದೆ. ಪಕ್ಕದ ಆಟೋದವರು ಮೂಗು ಮುಚ್ಚಿಕೊಂಡರು. ನಾನು ಗಾಜು ಇಳಿಸಿದೆ. ಆ ಕಾರಿನ ಹಿಂಭಾಗ ಸಣ್ಣಗೆ ನಡುಗುತ್ತಿತ್ತು; ನಾಲ್ಕರಲ್ಲಿ ಯಾವುದೋ ಒಂದು ಸಿಲಿಂಡರು ಕೈಕೊಟ್ಟಿತ್ತು. ಗ್ಯಾರೇಜಿನವರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಸಿಗ್ನಲ್ ಬಿಟ್ಟು, ಹಿಂದಿನವರೆಲ್ಲ ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋದರೂ ನಾನು ಅಲ್ಲೇ ಇದ್ದೆ... ಕಾಕಾ ನೆನಪಾಗಿದ್ದರು.

ಪೀಣ್ಯದ ಎರಡನೇ ಹಂತದಲ್ಲಿದ್ದ ಒಂದು ಕಾರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವರು ಹಿರಿಯ ಮೆಕ್ಯಾನಿಕ್. ಗದಗದ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷವಾಗಿದ್ದರೂ ಮಾತು ಒಂದಿಷ್ಟೂ ಕರಗಿರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಗಾಡಿ ತೊಳೆಯುವವರ ತನಕ ಎಲ್ಲರಿಗೂ ಅವರು ಕಾಕಾ. ನಾನು ಅಲ್ಲಿ ಸರ್ವಿಸ್ ಅಡ್ವೈಸರ್. ಅಂದರೆ ಗಿರಾಕಿಯ ದೂರು ಕೇಳಿ, ಅದನ್ನು ಜಾಬ್ ಕಾರ್ಡಿನಲ್ಲಿ ಬರೆದು, ಸಂಜೆ ಗಾಡಿ ಕೊಡುವಾಗ ನಗುತ್ತಾ ಮಾತಾಡುವ ಕೆಲಸ. ನಾನು ದಾವಣಗೆರೆಯವಳು ಅಂತ ಗೊತ್ತಾದ ದಿನವೇ ಕಾಕಾ, "ಅದಕ್ಕ ಮತ್ತ, ಮಾತಿಗೂ ಬೆಣ್ಣಿ ಹಚ್ಚಿ ಕೊಡ್ತಿ" ಎಂದಿದ್ದರು. ನನ್ನಷ್ಟು ವಯಸ್ಸಿನ ಮಗಳಿದ್ದಳು ಅವರಿಗೆ. ಆದರೂ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲವೂ ಇಂಗ್ಲಿಷ್. ಹಾಗಾಗಿ ಗಾಡಿ ಬಿಚ್ಚಿ ನೋಡಿದ ಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ಬಂದು, "ನಾ ಹೇಳ್ತೀನಿ, ನೀ ಬರಿ" ಎನ್ನುತ್ತಿದ್ದರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. ಏನು ಬರೆದೆ ಅಂತ ಅವರು ಒಂದು ದಿನವೂ ಕೇಳಿದವರಲ್ಲ.

ಕೇಳಿದ್ದರೆ ಒಳ್ಳೆಯದಿತ್ತು. ಯಾಕೆಂದರೆ ಅಡ್ವೈಸರ್ ಕೆಲಸವೇ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂಥದ್ದು. ಜಾಬ್ ಕಾರ್ಡಿನಲ್ಲಿ ಮಿಸ್ಸಿಂಗ್ ಎಂಬ ಮಾತು ಬರೆಯಬೇಡಿ ಅಂತ ನಮಗೆ ಮೊದಲೇ ಹೇಳಿದ್ದರು. ಬರೆದರೆ ಅದು ಎಂಜಿನ್ನಿನ ದೋಷವಾಗುತ್ತದೆ, ಮೇಲಿನವರು ಕಾರಣ ಕೇಳುತ್ತಾರೆ. ಅದರ ಬದಲು 'ಸಣ್ಣ ಕಂಪನ, ಗಿರಾಕಿಯ ಅನಿಸಿಕೆ' ಎಂದು ಬರೆಯಬೇಕು. ಎಷ್ಟು ಚೆನ್ನಾಗಿ ಬರೆಯುತ್ತಿದ್ದೆ ಗೊತ್ತೆ ನಾನು! ಕುದಿಯುವ ರೇಡಿಯೇಟರನ್ನೂ 'ಸ್ವಲ್ಪ ಬೆಚ್ಚಗಿದೆ' ಎಂದು ಬರೆಯಬಲ್ಲವಳಾಗಿದ್ದೆ.

ಆ ವರ್ಷ ಬಂದ ಹೊಸ ಕಾರಿನ ಎಂಜಿನ್ನಿಗೆ ಒಂದು ಜಾಣತನ ಕೊಟ್ಟಿದ್ದರು. ರಸ್ತೆ ಸಮತಟ್ಟಾಗಿದ್ದು ವೇಗ ಒಂದೇ ಸಮ ಇದ್ದರೆ, ನಾಲ್ಕು ಸಿಲಿಂಡರುಗಳಲ್ಲಿ ನಡುವಿನ ಎರಡು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಪೆಟ್ರೋಲು ಉಳಿಯುತ್ತದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಮತ್ತೆ ಎದ್ದು ಬರುತ್ತವೆ. ಬರಬೇಕು. ಚಿಕ್ಕಬಾಣಾವರದಿಂದ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಕಾಲೇಜಿಗೆ ದಿನಾ ಹೋಗಿಬರುತ್ತಿದ್ದ ಒಬ್ಬ ಲೆಕ್ಚರರ್ ಮೇಡಂ ಕಾರಿನಲ್ಲಿ ಅವು ಬರುತ್ತಿರಲಿಲ್ಲ. ಟೋಲ್ ರಸ್ತೆಯಲ್ಲಿ ಲಾರಿ ದಾಟಲೆಂದು ಆಕ್ಸಿಲರೇಟರ್ ಒತ್ತಿದರೆ ಗಾಡಿ ಎರಡು ಮೂರು ಸಲ ಜಗ್ಗಿ, ಜೀವ ಹೋದಂತೆ ಹಿಂದೆ ಬೀಳುತ್ತಿತ್ತು. "ಹಿಂದಿನ ಲಾರಿಯೋನು ಬ್ರೇಕ್ ಹಾಕ್ದೇ ಇದ್ದಿದ್ರೆ ನಾನಿವತ್ತು ಇರ್ತಿರ್ಲಿಲ್ಲ ಕಣ್ರೀ" ಎಂದು ಅವರು ಅತ್ತಿದ್ದರು. ಮೂರು ಸಲ ಬಂದರು. ಮೂರು ಸಲವೂ ನಾವು ಗಾಡಿಯನ್ನು ಪೀಣ್ಯದ ಟ್ರಾಫಿಕ್ಕಿನಲ್ಲಿ ಒಂದು ಸುತ್ತು ಓಡಿಸಿ, ಏನೂ ಇಲ್ಲ, ನಾರ್ಮಲ್ ಎಂದು ಕಳಿಸಿದೆವು.

ಕಾಕಾ ಒಬ್ಬರೇ ಒಪ್ಪಲಿಲ್ಲ. "ಈ ಟ್ರಾಫಿಕ್ಕಿನ್ಯಾಗ ನಾಕೂ ದುಡೀತಾವು ತಂಗಿ. ಮಲಗಾಕ ಪುರುಸೊತ್ತರ ಎಲ್ಲೈತಿ? ಇದರ ರೋಗ ಕಾಣಬೇಕಂದ್ರ ಖಾಲಿ ರಸ್ತೆ ಬೇಕು" ಎಂದರು. ಬೆಂಗಳೂರಿನಲ್ಲಿ ಖಾಲಿ ರಸ್ತೆ ಎಂದರೆ ಭಾನುವಾರದ ಬೆಳಗ್ಗೆ. ಮೇಡಂ ಗಾಡಿ ಬಿಟ್ಟುಹೋದರು. ಭಾನುವಾರ ರಜೆ ಬಿಟ್ಟು ನಾವಿಬ್ಬರು ಟೋಲ್ ರಸ್ತೆಗೆ ಹೋದೆವು. ಕಾಕಾ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಒಂದೇ ವೇಗ, ಒಂದೇ ಸಮ. ಎರಡು ಸಿಲಿಂಡರ್ ನಿಂತವು ಎಂದು ಪರದೆ ತೋರಿಸಿತು. ಕಾಕಾ ಮೆಲ್ಲಗೆ ಒತ್ತಿದರು. ಗಾಡಿ ಜಗ್ಗಿತು. ಪರದೆಯಲ್ಲಿ ಮೂರನೇ ಸಿಲಿಂಡರಿನ ಮುಂದೆ ಮಿಸ್ಸಿಂಗಿನ ಎಣಿಕೆ ಏರತೊಡಗಿತು.

"ಸಿಕ್ತು ನೋಡು!" ಎಂದು ಅವರು ಸ್ಟೇರಿಂಗಿಗೆ ಒಂದು ಏಟು ಕೊಟ್ಟರು. ಅಷ್ಟು ಖುಷಿ ನಾನು ಆ ಮುಖದಲ್ಲಿ ಮತ್ತೆಂದೂ ನೋಡಲಿಲ್ಲ. ಗಾಡಿ ಬದಿಗೆ ನಿಲ್ಲಿಸಿ ನನಗೆ ತಿಳಿಯುವ ಹಾಗೆ ಹೇಳಿದರು. "ನಾಕು ಮಂದಿ ಕೂಡಿ ಒಂದು ತಳ್ಳುಗಾಡಿ ತಳ್ತಾರ ಅಂತ ತಿಳಕೋ. ಸಪಾಟ ರಸ್ತ್ಯಾಗ ಇಬ್ಬರು ಕೈ ಬಿಡ್ತಾರ. ಏರು ಬಂತಂದ್ರ ಬರ್ರೋ ಅಂತ ಕರೀತಾರ. ಒಬ್ಬಾಂವ ಬರ್ತಾನ, ಇನ್ನೊಬ್ಬಗ ಕೇಳಂಗೇ ಇಲ್ಲ. ಅಷ್ಟ." ಆ ಸಿಲಿಂಡರನ್ನು ನಿಲ್ಲಿಸುವ, ಎಬ್ಬಿಸುವ ಒಂದು ಸಣ್ಣ ಭಾಗ ಎಂಜಿನ್ನಿನ ಮೇಲೆ ಇರುತ್ತದೆ. ಅದರ ಕಡ್ಡಿ ಹಳೆಯ ಆಯಿಲಿನ ಜಿಡ್ಡಿಗೆ ಅಂಟಿಕೊಂಡು ತಡವಾಗಿ ಸರಿಯುತ್ತಿದೆ ಎಂಬುದು ಅವರ ಅನುಮಾನ. ಹೊಸದು ತರಿಸಬೇಕಾದರೆ ಕಂಪನಿಗೆ ಆಧಾರ ತೋರಿಸಬೇಕು. ಅದಕ್ಕೆ ಒಂದು ಉಪಾಯ ಹೇಳಿದರು. "ಅದರ ಕನೆಕ್ಟರ್ ತಗದು ನೋಡೂಣು. ತಗದ್ರ ನಾಕೂ ಯಾವಾಗ್ಲೂ ದುಡೀತಾವು. ಎಂಟು ದಿನ ಮಿಸ್ಸಿಂಗ್ ಬರಲಿಲ್ಲಂದ್ರ ಕಳ್ಳ ಅದ ಅಂತಾತು. ಏನಂತಿ?"

"ಸರಿ ಕಾಕಾ, ತೆಗೀರಿ" ಎಂದೆ. ಅನುಮತಿ ಕೊಟ್ಟವಳು ನಾನು. ಜಾಬ್ ಕಾರ್ಡಿನಲ್ಲಿ ಬರೆಯಲಿಲ್ಲ, ಬರೆದರೆ ಮಿಸ್ಸಿಂಗ್ ಎಂಬ ಮಾತೂ ಬರೆಯಬೇಕಾಗುತ್ತಿತ್ತು.

ಕನೆಕ್ಟರ್ ತೆಗೆದರೆ ಮೀಟರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡೇ ಇರುತ್ತದೆ. "ಹಳದಿ ಅಂತ ಬಿಡಿಸಿ ಹೇಳು ಆ ಅಕ್ಕಾರಿಗೆ. ಬ್ಯಾರೇ ಯಾವುದರ ಹತ್ತಿದ್ರ ಗಾಡಿ ನಿಲ್ಲಸ್ರಿ ಅಂತ ಹೇಳು" ಎಂದು ಕಾಕಾ ಎರಡು ಸಲ ಹೇಳಿದರು. ಸೋಮವಾರ ಮೇಡಂ ಗಂಡ ಬಂದು ಗಾಡಿ ಒಯ್ದರು. ನಾನು ಮೇಡಂಗೆ ಫೋನ್ ಮಾಡಿದೆ. ಎದುರಿಗೆ ಇಬ್ಬರು ಗಿರಾಕಿಗಳು ಕೂತು ಗಡಿಯಾರ ನೋಡುತ್ತಿದ್ದರು. "ಒಂದು ದೀಪ ಹತ್ತಿರುತ್ತೆ ಮೇಡಂ, ಒಂದ್ವಾರ, ತಲೆ ಕೆಡಿಸ್ಕೋಬೇಡಿ" ಎಂದೆ. ಅಷ್ಟೇ ಹೇಳಿದೆ.

ಐದನೇ ದಿನ ಅವರೇ ಫೋನ್ ಮಾಡಿ ಗಾಡಿ ಹೂವಿನ ಹಾಗೆ ಹೋಗುತ್ತಿದೆ ಎಂದರು. ಕಾಕಾನಿಗೆ ಹೇಳಿದೆ, ಅವತ್ತು ಎಲ್ಲರಿಗೂ ಅವರದ್ದೇ ಚಹಾ. ಏಳನೇ ದಿನ ಗಾಡಿ ಟೋಲ್ ರಸ್ತೆಯ ನಡುವೆ ನಿಂತುಬಿಟ್ಟಿತು. ಎಂಜಿನ್ ಸೀಜ್ ಆಗಿತ್ತು, ಒಳಗೆ ಎಲ್ಲ ಉಜ್ಜಿ ಕಚ್ಚಿಕೊಂಡಿತ್ತು. ಮೇಡಂಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಗಾಡಿಯನ್ನು ಎಳೆದುಕೊಂಡು ಹೋಗಿದ್ದು ವೈಟ್‌ಫೀಲ್ಡಿನಲ್ಲಿದ್ದ ನಮ್ಮ ದೊಡ್ಡ ವರ್ಕ್‌ಶಾಪಿಗೆ. ಅಲ್ಲಿಂದ ಫೋಟೋಗಳು ಮ್ಯಾನೇಜರಿಗೂ ನನಗೂ ಬಂದವು. ಯಾವುದೋ ರೋಡ್ ಹಂಪಿಗೆ ತಗುಲಿ ಗಾಡಿಯ ಕೆಳಗಿನ ಆಯಿಲ್ ತಟ್ಟೆ ಸೀಳಿತ್ತು. ಆಯಿಲೆಲ್ಲ ಸೋರಿಹೋಗಿ ಕೆಂಪು ದೀಪ ಹತ್ತಿತ್ತು. ಮೇಡಂ ಅದನ್ನು ನೋಡಿದ್ದರು, ಇದೂ ಆ ದೀಪದ ಜೊತೆಯದೇ ಇರಬೇಕು ಎಂದುಕೊಂಡು ಓಡಿಸಿದ್ದರು. ತಲೆ ಕೆಡಿಸಿಕೊಳ್ಳಬೇಡಿ ಎಂದು ನಾನೇ ಹೇಳಿದ್ದೆನಲ್ಲ.

ಮ್ಯಾನೇಜರ್ ಬಾಗಿಲು ಹಾಕಿ ಕೇಳಿದರು, "ದೀಪ ಇಗ್ನೋರ್ ಮಾಡಿ ಅಂತ ಹೇಳೋಕೆ ನಿಮಗೆ ಹೇಳಿದ್ಯಾರು?"

"ಕಾಕಾ" ಎಂದೆ.

ಹಳದಿ ಎಂಬ ಮಾತನ್ನು ನುಂಗಿಕೊಂಡೆ. ಅಪ್ಪಣೆ ಕೊಟ್ಟಿದ್ದು ನಾನು ಎಂಬುದನ್ನೂ ನುಂಗಿಕೊಂಡೆ. ನನಗೆ ಭಯವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ, ಎಷ್ಟು ಹುಡುಕಿದರೂ ಈವರೆಗೆ ಸಿಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದ ಕೈ ನನ್ನದು.

ಮರುದಿನ ಹೇಳಿಕೆ ಬರೆದುಕೊಡಬೇಕೆಂದು ಕಾಕಾನನ್ನು ಕರೆಸಿದರು. ಅವರು ಎಂದಿನಂತೆ ಸೀದಾ ನನ್ನ ಮೇಜಿಗೆ ಬಂದರು. "ನಾ ಹೇಳ್ತೀನಿ, ನೀ ಬರಿ. ತಂಗಿಗೆ ಹೇಳಿ ಕನೆಕ್ಟರ್ ತಗದು ನೋಡಿದೆ. ಎಂಟು ದಿನ ಬಿಟ್ಟು ಹಾಕಾಂವ ಇದ್ದೆ." ನಾನು ಇಂಗ್ಲಿಷಿನಲ್ಲಿ ಬರೆದೆ: ಯಾರಿಗೂ ಹೇಳದೆ ಕನೆಕ್ಟರ್ ತೆಗೆದೆ. ಹೇಳಿ ಎಂಬುದು ಹೇಳದೆ ಆಯಿತು. ತೆಗೆದು ನೋಡಿದೆ ಎಂಬುದರಲ್ಲಿ ನೋಡಿದೆ ಬಿದ್ದುಹೋಯಿತು. ತೆಗೆದು ನೋಡುವುದು ಪರೀಕ್ಷೆ, ಬರೀ ತೆಗೆಯುವುದು ತಪ್ಪು. ಅವರು ಹಾಳೆಯ ಮೇಲಿಂದ ಕೆಳಗೆ ಕಣ್ಣಾಡಿಸಿ, "ಎಲ್ಲಾ ಬಂತಿಲ್ಲ?" ಎಂದರು. "ಬಂತು ಕಾಕಾ" ಎಂದೆ. ದುಂಡಗಿನ ಕನ್ನಡ ಅಕ್ಷರದಲ್ಲಿ ಸಹಿ ಹಾಕಿದರು. ಅದೇ ವಾರ ಅವರನ್ನು ಕೆಲಸದಿಂದ ತೆಗೆದರು. ಆ ಹೇಳಿಕೆಯನ್ನೇ ಹಿಡಿದು, ಕನೆಕ್ಟರ್ ತೆಗೆದಿದ್ದರಿಂದ ಎಂಜಿನ್ ಹಾಳಾಯಿತು ಎಂದು ಪತ್ರದಲ್ಲಿ ಬರೆದಿದ್ದರು. ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದವಳೂ ನಾನೇ.

ಆಯಿಲ್ ತಟ್ಟೆ ಸೀಳಿದ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ನಮ್ಮ ಸೆಂಟರಿನಲ್ಲಿ ಗೊತ್ತಿದ್ದವರು ಮ್ಯಾನೇಜರ್ ಮತ್ತು ನಾನು, ಇಬ್ಬರೇ.

ಆಮೇಲೆ ಕಾಕಾ ಫೋನ್ ಮಾಡತೊಡಗಿದರು. ನಾನು ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಸಲೀಸಾಗಿತ್ತು. ಅವರು ಬೇರೆಯೇ ಕೇಳಿದರು. "ಕನೆಕ್ಟರ್ ತಗದ್ರ ಎಂಜಿನ್ ಸೀಜ್ ಹೆಂಗ ಆತು ತಂಗಿ? ಎಷ್ಟು ವಿಚಾರ ಮಾಡಿದ್ರೂ ತಿಳೀವಲ್ದು." ಹತ್ತು ದಿನ ಬಿಟ್ಟು ಮತ್ತೆ ಮಾಡಿದರು. ನಾಲ್ಕೂ ಬಿಡದೆ ದುಡಿದು ಕಾದುಬಿಟ್ಟವೋ ಏನೋ ಎಂದರು. ಹಳೆ ಎಂಜಿನ್ನುಗಳೆಲ್ಲ ಹಾಗೇ ಅಲ್ಲವೇ ದುಡಿಯುವುದು ಎಂದು ತಾವೇ ತಳ್ಳಿಹಾಕಿದರು. ಇನ್ನೊಮ್ಮೆ, ಬಿಚ್ಚಿದ ಜಾಗದಲ್ಲಿ ನೀರು ಇಳಿದಿರಬಹುದೇ ಎಂದರು. ಪ್ರತಿ ಸಲ ಕೊನೆಗೆ, "ನಿನಗೇನರ ಗೊತ್ತಾತೇನು?" ಎನ್ನುತ್ತಿದ್ದರು.

"ಗೊತ್ತಿಲ್ಲ ಕಾಕಾ" ಎನ್ನುತ್ತಿದ್ದೆ.

ಅವರು ಚಿಕ್ಕಬಾಣಾವರದಲ್ಲಿ ಪಂಕ್ಚರ್ ಅಂಗಡಿಯೊಂದಕ್ಕೆ ಸೇರಿದ್ದರು. ಅಲ್ಲಿಯವರು ಗೊತ್ತಿದ್ದವರೇ, ಎಂಜಿನ್ ಕೆಲಸವನ್ನೂ ತರುತ್ತೇವೆ ಎಂದರಂತೆ. ಇವರು ಬೇಡವೆಂದರಂತೆ. "ಮುಟ್ಟಾಕ ಧೈರ್ಯ ಇಲ್ಲ ತಂಗಿ. ಯಾಕ ಸತ್ತಿತು ಅಂತ ತಿಳೀದ ಒಂದು ಎಂಜಿನ್ ಕೊಂದೀನಿ. ಇನ್ನೊಂದು ಹೆಂಗ ಬಿಚ್ಚಲಿ?" ಆ ದಿನ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು. ಗಿರಾಕಿ ಬಂದದ್ದು ನನಗೆ ಸಮಾಧಾನವೇ ಆಯಿತು... ಅದನ್ನೂ ಮುಚ್ಚಿಡುವುದಿಲ್ಲ.

ಕೆಲವು ತಿಂಗಳಾದ ಮೇಲೆ ಕಂಪನಿಯಿಂದ ಸೂಚನೆ ಬಂತು. ಅಂಥ ಗಾಡಿಗಳಲ್ಲೆಲ್ಲ ಸಿಲಿಂಡರ್ ಎಬ್ಬಿಸುವ ಆ ಸಣ್ಣ ಭಾಗವನ್ನು ತೆಗೆದು, ಸುಧಾರಿಸಿದ ಹೊಸದನ್ನು ಹಾಕಬೇಕಂತೆ. ದೋಷ ಖಚಿತಪಡಿಸಿಕೊಳ್ಳಲು ಮೊದಲು ಅದರ ಕನೆಕ್ಟರ್ ತೆಗೆದು ಓಡಿಸಿ ನೋಡಬೇಕಂತೆ. ನಾನು ಅದನ್ನು ಮೂರು ಸಲ ಓದಿದೆ. ಹಾಕಿಕೊಟ್ಟ ಗಾಡಿಗಳೆಲ್ಲ ಸರಿಹೋದವು. ಕಾಕಾನಿಗೆ ಅದನ್ನೂ ಹೇಳಲಿಲ್ಲ. ಒಂದು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಆಮೇಲೆ ಅವರ ಫೋನ್ ಎತ್ತುವುದನ್ನೇ ಬಿಟ್ಟೆ.

ಅವರು ತೀರಿಕೊಂಡರೆಂದು ತಿಳಿದಾಗ ಹದಿನೈದು ದಿನ ಕಳೆದಿತ್ತು. ಹೃದಯಾಘಾತವಂತೆ. ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಎಂದೂ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಯಾರೆಂದು ಹೇಳಿದ ಕೂಡಲೇ ಕೈ ಹಿಡಿದುಕೊಂಡರು. "ನೀವೇನ್ರಿ ಆ ತಂಗಿ? ಕಡೀತನಕ ಅದ ಎಂಜಿನ್ನಿನ ಚಿಂತಿ ನೋಡ್ರಿ ಅವರಿಗೆ. ಫೋನ್ ಎತ್ತವಲ್ಲರು ಅಂದ್ರ, ಆಕಿಗೆ ಕೆಲಸ ಭಾಳ, ಏನರ ತಿಳಿದಿದ್ರ ಆಕಿನ ಮಾಡಿ ಹೇಳತಿದ್ಲು ಅಂತಿದ್ರು." ಚಹಾ ಕೊಟ್ಟರು. ಆಗಲೂ ಹೇಳಬಹುದಿತ್ತು. ಚಹಾ ಕುಡಿದು ಬಂದೆ.

ಈಗ ನಾನು ಆ ಕೆಲಸದಲ್ಲಿಲ್ಲ. ಬಿಟ್ಟಿದ್ದು ಪಶ್ಚಾತ್ತಾಪದಿಂದೇನೂ ಅಲ್ಲ, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಇಷ್ಟು ದಿನವಾದ ಮೇಲೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರು ಓದಬಹುದಾಗಿದ್ದ ಅಕ್ಷರಗಳಲ್ಲಿ. ಕಾಕಾ, ಎಂಜಿನ್ ಸತ್ತಿದ್ದು ನಿಮ್ಮ ಕೈಯಿಂದಲ್ಲ. ಕೆಳಗೆ ಹಂಪು ತಗುಲಿ ಆಯಿಲ್ ಸೋರಿಹೋಗಿತ್ತು, ಕೆಂಪು ದೀಪ ಹತ್ತಿದರೂ ಓಡಿಸುವ ಹಾಗೆ ಹೇಳಿದವಳು ನಾನು. ಫೋನಿನಲ್ಲಿ ಹೇಳಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.