ಅಣಬೆ ಅತ್ತೆಯ ಎರೆಗುಂಡಿ

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಅಣಬೆ ಅತ್ತೆ ಎಂದೇ ಕರೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ತಮ್ಮನ, ಅಂದರೆ ನಮ್ಮಪ್ಪನ, ಮನೆಗೆ ಬಂದವಳು. ಊಟಕ್ಕೆ, ಬಟ್ಟೆಗೆ ಏನೂ ಕೊರತೆಯಿರಲಿಲ್ಲ. ಆದರೂ ಲೋಟ ಇಡುವಾಗ ಸದ್ದಾಗದಂತೆ ಇಡುತ್ತಿದ್ದಳು, ನೆಂಟರ ಮನೆಯಲ್ಲಿ ಇದ್ದವಳ ಹಾಗೆ. ಅವಳ ದನಿ ಏರುತ್ತಿದ್ದುದು ಹಿತ್ತಲಿನ ಅಣಬೆ ಕೋಣೆಯಲ್ಲಿ ಮಾತ್ರ. ಹುಲ್ಲು ತುಂಬಿ ಹಾಲಣಬೆ ಬೆಳೆಸುವ ಚೀಲಗಳನ್ನು "ಏನ್ರೇ, ಇನ್ನೂ ಏಳಲಿಲ್ವಾ?" ಎಂದು ಗದರಿಸುವುದನ್ನು ನಾನೇ ಕೇಳಿದ್ದೇನೆ.

ತೊಂದರೆ ಶುರುವಾದದ್ದು ಬೆಳೆ ಮುಗಿದ ಚೀಲಗಳಿಂದ. ಒಳಗಿನ ಹಳೇ ಹುಲ್ಲನ್ನು ಅತ್ತೆ ಹಿತ್ತಲಲ್ಲೇ ಸುರಿಯುತ್ತಿದ್ದಳು. ಗುಡ್ಡೆ ಬೆಳೆಯಿತು, ನಾತವೂ ಬೆಳೆಯಿತು, ನೊಣಗಳಂತೂ ಊಟಕ್ಕೆ ನಮಗಿಂತ ಮೊದಲೇ ಕೂತಿರುತ್ತಿದ್ದವು. ಒಂದು ದಿನ ಅಪ್ಪ ತಟ್ಟೆ ಸರಿಸಿ, "ಅಕ್ಕ, ಮಳೆಗಾಲ ಬರೋದ್ರೊಳಗೆ ಗುಡ್ಡೆ ಖಾಲಿ ಆಗ್ಬೇಕು. ಇಲ್ಲಾಂದ್ರೆ ಕೋಣೆಗೇ ಬೀಗ" ಎಂದ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಪಾತ್ರೆ ತೊಳೆಯುತ್ತ ನನ್ನೊಬ್ಬಳಿಗೇ ಹೇಳಿದಳು: "ಆ ಕೋಣೆ ಹೋದ್ರೆ ನಾನು ಈ ಮನೇಲಿ ಬರೀ ಊಟ ಮಾಡೋಳು ಕಣೇ."

ಗೊಬ್ಬರ ಮಾರುವ ಹೆಂಗಸೊಬ್ಬಳು ಒಂದು ಬುಟ್ಟಿ ಎರೆಹುಳು ಕೊಟ್ಟು ಉಪಾಯ ಹೇಳಿದಳು: ಹುಲ್ಲಿನ ಬಿಸಿ ಆರಲಿ, ಸಗಣಿ ಬೆರೆಸಿ ಗುಂಡಿಗೆ ಹಾಕು, ಮಿಕ್ಕದ್ದನ್ನು ಹುಳುಗಳು ನೋಡಿಕೊಳ್ಳುತ್ತವೆ. ಅತ್ತೆ ಹಾಗೇ ಮಾಡಿದಳು. ಆದರೆ ಅಣಬೆ ಬೆಳೆಯುವವರ ಕೈ ಸುಮ್ಮನಿರಬೇಕಲ್ಲ! ಬೇಡದ ಬೂಷ್ಟು ಬಂದರೆ ಬೆಳೆಯೇ ಹಾಳು ಎಂದು ಕೋಣೆಯ ನೆಲ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿಯ ನೀರು ಹಾಕುತ್ತಿದ್ದಳು. ಅದೇ ಅಭ್ಯಾಸಬಲದಲ್ಲಿ ಗುಂಡಿಗೂ ಧಾರಾಳವಾಗಿ ಸುರಿದಳು. ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ಸತ್ತು ಬಿದ್ದಿದ್ದವು.

"ಶುಚಿ ಮಾಡೋಕೆ ಹೋಗಿ ಕೊಂದ್ಬಿಟ್ನಲ್ಲೇ" ಎಂದು ಮುಂಗೈಯಿಂದ ಕಣ್ಣೊರೆಸಿಕೊಂಡಳು. ನಗಲು ಬಾಯಿ ತೆರೆದಿದ್ದ ನಾನು ಅವಳ ಮುಖ ನೋಡಿ ಮುಚ್ಚಿಕೊಂಡೆ.

ಇನ್ನೊಂದು ಬುಟ್ಟಿ ತಂದಳು. ಈ ಸಲ ಬ್ಲೀಚಿಂಗ್ ಡಬ್ಬ ನನ್ನ ವಶಕ್ಕೆ ಬಂತು. "ಗುಂಡಿ ಹತ್ರ ನಾನು ಕೇಳಿದ್ರೂ ಕೊಡ್ಬೇಡ" ಎಂದಳು. ಗುಂಡಿಗೆ ಒದ್ದೆ ಗೋಣಿ ಹೊದಿಸಿ, ದಿನವೂ ಬರಿಗೈಯಲ್ಲಿ ತೇವ ನೋಡಿದಳು. ಮೋಡ ಕಟ್ಟುವ ಹೊತ್ತಿಗೆ ಗುಡ್ಡೆ ಕರಗಿ ಚಹಾಪುಡಿಯಂಥ ಕಪ್ಪು ಗೊಬ್ಬರವಾಗಿತ್ತು. ನಾತ ಹೋಗಿತ್ತು. ಅಪ್ಪನ ಬೀಗ ಅಂಗಡಿಯಲ್ಲೇ ಉಳಿಯಿತು.

ಅತ್ತೆಗೆ ಅಷ್ಟು ಸಾಲಲಿಲ್ಲ. ಹಾಲಣಬೆ ಏಳಬೇಕಾದರೆ ಚೀಲದ ಹುಲ್ಲಿನ ಮೇಲೆ ಮಣ್ಣಿನ ಹೊದಿಕೆ ಬೇಕು. ಅವಳು ಹುಳುಗಳನ್ನು ಬೇರೆ ಮಾಡಿ, ಗೊಬ್ಬರವನ್ನು ಜರಡಿ ಹಿಡಿದು, ಹಬೆಯಲ್ಲಿ ಬೇಯಿಸಿ ಆರಿಸಿ, ಮಣ್ಣಿನ ಬದಲು ಅದನ್ನೇ ಹೊದಿಸಿದಳು. ಬಂದವು ನೋಡಿ ಅಣಬೆ, ಮುಷ್ಟಿಗಾತ್ರದವು, ಬೆಳ್ಳಗೆ!

ಸುದ್ದಿ ಕೇಳಿ ಅಪ್ಪ, ಅತ್ತ ಎಂದೂ ತಲೆ ಹಾಕದವನು, ಕೆಸರು ಚಪ್ಪಲಿಯಲ್ಲೇ ಕೋಣೆಯ ಬಾಗಿಲು ತಳ್ಳಿದ.

"ಏಯ್, ಅಲ್ಲೇ ನಿಲ್ಲು!" ಅತ್ತೆ ಕೂಗಿದಳು. "ನನ್ನ ಕೋಣೆಗೆ ಹಾಗೆಲ್ಲ ನುಗ್ಗೋ ಹಾಗಿಲ್ಲ. ಕೈಕಾಲು ತೊಳ್ಕೊಂಡು ಬಾ."

ಕೂಗಿದ ಮೇಲೆ ಅವಳಿಗೇ ಗಾಬರಿಯಾಯಿತು. ಮನೆಮಂದಿಗೆಲ್ಲ ಗದರುವ ಅಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ನಲ್ಲಿಯ ಕಡೆ ನಡೆದ.

"ಅಕ್ಕಾ," ಅಲ್ಲಿಂದಲೇ ಕೇಳಿದ, "ಸೋಪೂ ಹಾಕ್ಬೇಕಾ?"