ಇಂಗ್ಲಿಷ್ ಬಾಯಾರು ಕೊಟ್ಟ ಪಟ್ಟಿ

2003ರ ಜನವರಿ, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಮೂಡಲಗಿಯ ಮನೆಯ ಪಡಸಾಲೆಯಲ್ಲಿ ರಾತ್ರಿ ತೀರಿಕೊಂಡ ನಮ್ಮ ಇಂಗ್ಲಿಷ್ ಬಾಯಾರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಲಗೈ ಉಗುರಿನ ಸಂದಿಯಲ್ಲಿ ಹಸಿರು ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಹಿಂದಿನ ದಿನವೂ ಪಾಠ ಮಾಡಿದ್ದರು. ಹತ್ತಿರ ಅವರ ತಮ್ಮ, ನೆರೆಮನೆಯ ಇಬ್ಬರು ಹೆಂಗಸರು, ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು.

ಗೋಕಾಕ ಕಡೆಯ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಅವರು ನನ್ನ ಕೈಕೆಳಗೆ ಶಿಕ್ಷಕಿಯಾಗಿದ್ದರು. ನನ್ನದು ಗಂಟೆ ಹೊಡೆದಂತೆ ನಡೆಯುವ ಶಾಲೆ. ಅವರ ತರಗತಿ ಹಾಗಿರಲಿಲ್ಲ. ಕೇಳಿ ಕಲಿಯುವವರು ಕಿಟಕಿಯ ಬಳಿ ಗಟ್ಟಿಯಾಗಿ ಓದುತ್ತಿದ್ದರು. ನೋಡಿ ಕಲಿಯುವವರಿಗೆ ಬಣ್ಣದ ಅಕ್ಷರ. ಕೈಕಾಲು ಆಡಿಸದೆ ಏನೂ ತಲೆಗೆ ಹತ್ತದವರು ಓಡಾಡುತ್ತ ಇಂಗ್ಲಿಷ್ ಹೇಳುತ್ತಿದ್ದರು.

"ಏನ್ರಿ ಬಾಯಾರ, ಇದು ಸಾಲಿನೊ ಗರಡಿಮನಿನೊ?" ಎಂದಿದ್ದೆ ಒಮ್ಮೆ.

"ಗರಡ್ಯಾಗ ಕಲ್ತದ್ದು ಯಾರೂ ಮರಿಯಂಗಿಲ್ಲರಿ ಸರ್" ಎಂದು ನಕ್ಕರು.

ಕೌಜಲಗಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಯಲ್ಲಿ ಎರಡನೆಯ ವರ್ಷ ಕೂತಿದ್ದಳು. ಈ ಸಲವೂ ಇಂಗ್ಲಿಷಿನಲ್ಲಿ ನಾಪಾಸಾದರೆ ಶಾಲೆ ಬಿಡಿಸಿ ಮದುವೆ ಮಾಡುವುದಾಗಿ ತಂದೆ ಹೇಳಿಬಿಟ್ಟಿದ್ದ. ಇಂಗ್ಲಿಷಿನ ವಾರ್ಷಿಕ ಪರೀಕ್ಷೆಯ ಮುನ್ನಾದಿನ ಬಾಯಾರು ನನ್ನ ಮೇಜಿನ ಮೇಲೆ ಒಂದು ಪಟ್ಟಿ ಇಟ್ಟರು. ಯಾವ ಮಗು ಹೇಗೆ ನೆನಪು ಮಾಡಿಕೊಳ್ಳುತ್ತದೆ ಎಂದು ಬರೆದಿತ್ತು. ಆ ಹುಡುಗಿಯ ಹೆಸರು ತೋರಿಸಿ, "ಇಕಿಗಿ ಅಂಗೈ ಮ್ಯಾಲ ಬೆರಳಲೆ ಬರಕೊಂಡ್ರನ ಶಬ್ದ ನೆನಪಾಗತಾವರಿ. ತಡೀಬ್ಯಾಡ್ರಿ" ಎಂದರು.

"ಪರೀಕ್ಷಾದಾಗ ಎಲ್ಲಾರಿಗೂ ಒಂದ ನಿಯಮರಿ" ಎಂದು ಪಟ್ಟಿಯನ್ನು ಕಡತಕ್ಕೆ ಸೇರಿಸಿದೆ.

ಮರುದಿನ ಮೇಲ್ವಿಚಾರಣೆ ನನ್ನದೇ. ಅವಳ ಬೆರಳು ಅಂಗೈ ಮೇಲೆ ಆಡತೊಡಗಿತು. ಅಕ್ಕಪಕ್ಕದವರು ನೋಡತೊಡಗಿದರು. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬರೆಯಲು ಹೇಳಿದೆ. ಗಂಟೆ ಹೊಡೆಯುವವರೆಗೂ ಹಾಗೇ ಕೂತಳು. ಅರ್ಧ ಪುಟವೂ ತುಂಬಿರಲಿಲ್ಲ.

ಬಾಯಾರು ಮೂರು ಸಲ ಕೌಜಲಗಿಗೆ ಹೋಗಿ ತಂದೆಯನ್ನು ಬೇಡಿಕೊಂಡರು. ಜೂನಿಗೆ ಮುಂಚೆಯೇ ಅವಳನ್ನು ಹುಕ್ಕೇರಿಗೆ ಮದುವೆ ಮಾಡಿಕೊಟ್ಟರು. ನನ್ನೆದುರು ಬಾಯಾರು ಆ ಮಾತು ಎಂದೂ ಎತ್ತಲಿಲ್ಲ. "ಚಹಾ ಆತನ್ರಿ ಸರ್?" ಎಂದು ಎಂದಿನಂತೆ ಕೇಳುತ್ತಿದ್ದರು.

ಆ ಮಂಗಳವಾರ ಮಣ್ಣು ಕೊಟ್ಟು ಹೊರಟಾಗ ಸಂಜೆ ಐದು. ಬಸ್ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಹೆಸರು ಹೇಳಿದಳು. ಅವಳೇ. ನಾನು ಏನೋ ಹೇಳಹೋದೆ.

"ಇರ್ಲಿ ಬಿಡ್ರಿ ಸರ್. ‘ಸರ್‌ಗ ತಿಳಸೂದು ನಾನ ಮರ್ತೆ, ಅವರದೇನೂ ತಪ್ಪಿಲ್ಲ’ ಅಂತ ಬಾಯಾರು ನನ್ನ ಮುಂದ ಅತ್ತಿದ್ರು. ಬಾಯಾರ ಮ್ಯಾಲ ಭಾಳ ಸಿಟ್ಟಿತ್ತರಿ. ಕಡೀತನಾ ಮಾತಾಡ್ಲಿಲ್ಲ ನಾ."

ಹುಕ್ಕೇರಿಯ ಬಸ್ಸು ಬಂತು. ಅವಳು ಹತ್ತಿ ಕೂತ ಮೇಲೆ ಕಿಟಕಿಯ ಬಳಿ ನಿಂತು, ಬಾಯಾರು ಮರೆತಿರಲಿಲ್ಲ, ಪರೀಕ್ಷೆಯ ಮುನ್ನಾದಿನವೇ ನನಗೆ ಹೇಳಿದ್ದರು, ನಾನೇ ಕೇಳಲಿಲ್ಲ ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಂತೆ ಬಸ್ಸು ಹೊರಟಿತು. ಆ ದಿನ ನಾನು ಮುಗಿಸಿದ ಕೊನೆಯ ಕೆಲಸ ಅದು.