ಸಾನೊಬರ್ ಓಪಾಳ ರೊಟ್ಟಿಗಳು
ನಮ್ಮ ಕೋಕಂದ್ ಪಟ್ಟಣದಲ್ಲಿ ಹಣ್ಣು ಹಣ್ಣು ಮುದುಕರೂ ‘ಓಪಾ’ ಎಂದು, ಅಕ್ಕನೆಂದು ಕರೆಯುವ ಡಾಕ್ಟರು ಸಾನೊಬರ್ ಒಬ್ಬಳೇ. ಬೆಳಿಗ್ಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕ್ಯಾನ್ಸರ್ ಗಡ್ಡೆಗಳಿಗೆ ಯಂತ್ರದಿಂದ ವಿಕಿರಣ ಕೊಡುತ್ತಾಳೆ; ಆ ಯಂತ್ರ ಕೈಚೆಲ್ಲಿದ ರೋಗಿಗಳ ಮನೆಗೆ ಮಧ್ಯಾಹ್ನ ನೋವಿನ ಔಷಧಿ ಹಿಡಿದು ತಾನೇ ಹೋಗುತ್ತಾಳೆ. ಯಾರನ್ನೇ ಮುಟ್ಟುವ ಮೊದಲು ಆಕೆಗೆ ಚಹಾ ಬಟ್ಟಲು ಹಿಡಿದು ಅಂಗೈ ಬೆಚ್ಚಗೆ ಮಾಡಿಕೊಳ್ಳಬೇಕು. ಹಾಗಾಗಿ ಆಕೆ ದಿನವೂ ಕುಡಿಯುವ ಹಸಿರು ಚಹಾದಲ್ಲಿ ಒಂದು ಹತ್ತಿ ಹೊಲಕ್ಕೆ ನೀರು ಹಾಯಿಸಬಹುದು. ಓಪಾ ರೋಗಿಯ ಅಂಗಳದಲ್ಲಿ ಉದುರಿದ ಏಪ್ರಿಕಾಟ್ ಹೂಗಳನ್ನು ತುಳಿಯದೆ ಒಳಗೆ ಬಂದರೆ ನೋವೇ ಎದ್ದು ಜಾಗ ಬಿಡುತ್ತದಂತೆ. “ಗುಣ ಆಗುತ್ತಾ?” ಎಂದರೆ ಸುಳ್ಳಾಡುವವಳಲ್ಲ, “ಇವತ್ತು ನಿದ್ದೆ ಬರುತ್ತೆ, ಅದಕ್ಕೆ ನಾನು ಜವಾಬ್ದಾರಿ” ಎನ್ನುತ್ತಾಳೆ. ನಮ್ಮಲ್ಲಿ ಸೈನ್ಯಕ್ಕೆ ಹೊರಟ ಮಕ್ಕಳು ರೊಟ್ಟಿಯ ಅಂಚು ಕಚ್ಚಿ ಹೋಗುತ್ತಾರೆ. ಅವರು ಮರಳಿ ಬಂದು ಉಳಿದದ್ದನ್ನು ತಿನ್ನುವವರೆಗೆ ಆ ರೊಟ್ಟಿ ಗೋಡೆಯಲ್ಲಿ ತೂಗುತ್ತಾ ಕಾಯುತ್ತದೆ. ಓಪಾ ತನ್ನ ಕೊನೆಗಾಲದ ರೋಗಿಗಳಿಂದಲೂ ಹೀಗೇ ಕಚ್ಚಿಸುತ್ತಾಳೆ. ಒಂದು ಕಾಲಕ್ಕೆ ರೈಲು ಓಡಿಸುತ್ತಿದ್ದ ಹಮ್ರಾಕುಲ್ ಅಜ್ಜ ಆಕೆ ಹಿಡಿದ ರೊಟ್ಟಿ ಕಂಡು ಮುಖ ತಿರುಗಿಸಿದ. “ಇದೆಂಥಾ ತಮಾಷೆ, ಓಪಾ? ಈ ರೈಲು ವಾಪಸ್ ಬರಲ್ಲ ಅಂತ ನೀನೇ ತಾನೇ ಹೇಳಿದ್ದು?” “ನಿಮಗೆ ಹೇಳಿದ್ದೆ ಅಜ್ಜಾ, ರೊಟ್ಟಿಗೆ ಹೇಳಿಲ್ಲ. ಕಚ್ಚಿ.” ಅಜ್ಜ ನಗುತ್ತಲೇ ಕಚ್ಚಿದ. ಆಕೆಯ ಮನೆಯ ಗೋಡೆಯಲ್ಲಿ ಈಗ ಸುಣ್ಣವೇ ಕಾಣಿಸುವುದಿಲ್ಲ, ಬರೀ ರೊಟ್ಟಿಗಳು. ಸಂಜೆ ಗಾಳಿ ಬೀಸಿದರೆ ಒಣಗಿದ ಆ ರೊಟ್ಟಿಗಳು ಒಂದಕ್ಕೊಂದು ತಾಗಿ, ಯಾರೋ ಮೆಲ್ಲಗೆ ಕದ ತಟ್ಟಿದಂತೆ ಸದ್ದಾಗುತ್ತದೆ. ಯಾರಿಗೂ ಸುಳ್ಳು ಹೇಳದ ನಮ್ಮ ಓಪಾ ಆಗೆಲ್ಲ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಾಳೆ.